ಶನಿವಾರದ ಮಜೂರಿ, ಭಾನುವಾರದ ಪೂಜೆ: ಯಾವುದು ಮೊದಲು?

ಗೋಡೆಬಣ್ಣ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರು ಹತ್ತಿರದ ಬಜ್ಪೆ ಕಡೆಯವನು. ಪೇಂಟಿಂಗ್ ಗುತ್ತಿಗೆ ಮಾಡುತ್ತೇನೆ. ಹತ್ತು ಹನ್ನೆರಡು ಹುಡುಗರಿದ್ದಾರೆ. ಹೆಚ್ಚಿನವರು ಬಾಗಲಕೋಟೆ, ಕೊಪ್ಪಳ ಕಡೆಯವರು. ಇಬ್ಬರು ನಮ್ಮೂರಿನವರೇ. ಅವರಲ್ಲಿ ಯಾರೂ ಕ್ರೈಸ್ತರಲ್ಲ.

ಒಂದು ಅಪಾರ್ಟ್‌ಮೆಂಟಿನ ಕೆಲಸ ಈಸ್ಟರ್‌ಗೆ ಮೊದಲೇ ಮುಗಿಯಿತು. ಬಿಲ್ಡರ್ ಕಡೆಯಿಂದ ಕೊನೆಯ ಕಂತು ಇನ್ನೂ ಬಂದಿಲ್ಲ. ಕೇಳಿದಾಗೆಲ್ಲ "ಮುಂದಿನ ವಾರ" ಅನ್ನುತ್ತಾರೆ. ಹುಡುಗರಿಗೆ ಸದ್ಯಕ್ಕೆ ಖರ್ಚಿಗೆ ಅಂತ ಅರ್ಧ ಕೊಟ್ಟಿದ್ದೇನೆ. ಉಳಿದರ್ಧ ಬಾಕಿ ಉಂಟು. ಅದೇ ಹೊತ್ತಿಗೆ ನಮ್ಮ ಇಗರ್ಜಿಯ ಹೊಸ ಸಭಾಭವನಕ್ಕೆ ಕ್ರಿಸ್ಮಸ್ ಸಮಯದಲ್ಲಿ ಒಪ್ಪಿಕೊಂಡ ಹಣದ ಎರಡನೇ ಕಂತು ಮೇ ಕೊನೆಗೆ ಕೊಡಬೇಕು. ಅದನ್ನು ಮನೆಯಲ್ಲಿ ಬೇರೆ ತೆಗೆದಿಟ್ಟಿದ್ದೇನೆ. ಮೊದಲು ಹುಡುಗರಿಗೆ ಕೊಡಿ ಅಂತ ಹೆಂಡತಿ ಹೇಳುತ್ತಾಳೆ. ದೇವರಿಗೆ ಅಂತ ತೆಗೆದಿಟ್ಟದ್ದನ್ನು ಮುಟ್ಟಬೇಡ ಅಂತ ಅಮ್ಮ ಹೇಳುತ್ತಾರೆ. ಇಬ್ಬರೂ ದಿನಾ ಸಂಜೆ ತೇರ್ಸ್ (ಜಪಸರ ಪ್ರಾರ್ಥನೆ) ತಪ್ಪಿಸದವರು. ಯಾರ ಮಾತನ್ನು ತೆಗೆದುಹಾಕಲಿ?

ಇನ್ನೂ ಎರಡು ವಿಷಯ ಉಂಟು. ಜೂನ್ ಮಳೆ ಹಿಡಿಯುವ ಮೊದಲು ಹೊರಗೋಡೆಯ ಕೆಲಸ ಎಲ್ಲ ಮುಗಿಯಬೇಕು. ಅದಕ್ಕೆ ಭಾನುವಾರವೂ ಕೆಲಸ ಹಿಡಿಸಬೇಕಾಗುತ್ತದೆ. ನಾನು ಪೂಜೆಗೆ ಹೋಗಿ ಬರುತ್ತೇನೆ, ಹುಡುಗರು ಗೋಡೆ ಮೇಲೆ ಇರುತ್ತಾರೆ. ಇದು ಸರಿಯಾ? ಇನ್ನೊಂದು, ಒಬ್ಬ ಮನೆಯವರು ಬಿಲ್ ಬೇಡ, ಎಲ್ಲ ನಗದಿನಲ್ಲೇ ಮುಗಿಸುವ ಅಂತಿದ್ದಾರೆ. ಸುತ್ತ ಎಲ್ಲರೂ ಹಾಗೇ ಮಾಡುತ್ತಾರೆ.

ಫಾದರ್ ಹತ್ತಿರ ಕೇಳುವವನೇ ಇದ್ದೇನೆ. ಅದಕ್ಕೆ ಮೊದಲು, ದುಡಿದು ಬದುಕುವವರು ಏನು ಹೇಳುತ್ತೀರಿ ಅಂತ ತಿಳಿಯಬೇಕು.

ಕಲ್ಯಾಣಪುರ ಟೀಚರ್

ಹೆಂಡತಿ ಹೇಳಿದ್ದು ಸರಿ. ಅಮ್ಮನ ಭಕ್ತಿಯನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಈ ವಿಷಯದಲ್ಲಿ ಧರ್ಮಗ್ರಂಥ ತುಂಬಾ ನೇರವಾಗಿ ಮಾತಾಡುತ್ತದೆ.

ಬೈಬಲ್‌ನ ಧರ್ಮೋಪದೇಶಕಾಂಡ 24ನೇ ಅಧ್ಯಾಯ, 14 ಮತ್ತು 15ನೇ ವಚನ ಓದಿ. ಕೂಲಿಯವನು ನಿನ್ನ ಜನರವನಾಗಲಿ, ನಿನ್ನ ಊರಿನಲ್ಲಿರುವ ಪರದೇಶದವನಾಗಲಿ, ಅವನ ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮೊದಲು ಕೊಡು ಎಂದಿದೆ. ಕಾರಣವನ್ನೂ ಅಲ್ಲೇ ಹೇಳಿದೆ. ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ. ನೀವು ಹುಡುಗರು ಕ್ರೈಸ್ತರಲ್ಲ ಅಂತ ಬರೆದಿದ್ದೀರಿ. ಆ ವಚನ ಬರೆದದ್ದೇ ಅಂಥವರನ್ನೂ ಸೇರಿಸಿಕೊಂಡು.

ಕಥೋಲಿಕ ಸಭೆಯ ಧರ್ಮೋಪದೇಶ ಗ್ರಂಥದ (ಕ್ಯಾಟೆಕಿಸಂ) 1867ನೇ ಕಂಡಿಕೆಯಲ್ಲಿ ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಪಟ್ಟಿ ಇದೆ. ಆಬೇಲನ ರಕ್ತ ಅದರಲ್ಲಿದೆ. ಕೂಲಿಯವನಿಗೆ ಮಾಡುವ ಅನ್ಯಾಯವೂ ಅದೇ ಪಟ್ಟಿಯಲ್ಲಿದೆ. ಕೊಲೆಯ ಪಕ್ಕದಲ್ಲಿ ಸಂಬಳದ ಮಾತು! ನಾನು ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದಾಗ ಈ ಜಾಗದಲ್ಲಿ ಬೇಕಂತಲೇ ನಿಲ್ಲುತ್ತಿದ್ದೆ. ಮಕ್ಕಳಿಗೆ ಬೇಗ ಅರ್ಥವಾಗುತ್ತಿತ್ತು. ದೊಡ್ಡವರಿಗೇ ಸ್ವಲ್ಪ ಕಷ್ಟ.

ಅಮ್ಮನಿಗೆ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ಓದಿ ಹೇಳಿ. ತಂದೆ ತಾಯಿಗೆ ಸಲ್ಲಬೇಕಾದ್ದನ್ನು "ಇದು ಕೊರ್ಬಾನ್, ದೇವರಿಗೆ ಕೊಟ್ಟದ್ದು" ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಅಲ್ಲಿ ಗಟ್ಟಿಯಾಗಿ ಗದರುತ್ತಾರೆ. ಇನ್ನೊಬ್ಬರ ಪಾಲಿನದನ್ನು ದೇವರಿಗೆ ಕೊಟ್ಟರೆ ದೇವರಿಗೆ ಅದು ಬೇಡ. ಅಮ್ಮನಿಗೆ ಇದು ಹಿಡಿಸುತ್ತದೆ ಅಂತ ನನಗೆ ನಂಬಿಕೆ ಇದೆ, ಯಾಕೆಂದರೆ ಅವರು ದೇವರ ಮಾತಿಗೆ ಹೆದರುವವರು.

ವಾಳೆ ಗುರಿಕಾರ

ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೂ ಇನ್ನೊಂದು ಬದಿ ಹೇಳಬೇಕು. ನಾನು ನಮ್ಮ ವಾಳೆಯ (ಇಗರ್ಜಿಯ ವಾರ್ಡಿನ) ಮನೆ ಮನೆಗೆ ಹೋಗಿ ವಂತಿಗೆ ಕೇಳುವವನು. ಆ ಕೆಲಸ ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ಜನ ಎಲ್ಲದಕ್ಕೂ ಹಣ ಹುಡುಕುತ್ತಾರೆ. ಮದುವೆ ಅಂದರೆ ರೋಸ್‌ಗೆ (ಹಿಂದಿನ ದಿನದ ತೆಂಗಿನ ಹಾಲಿನ ಶಾಸ್ತ್ರ), ಹಾಲ್‌ಗೆ, ಬ್ಯಾಂಡ್‌ಗೆ ಹಣ ಇರುತ್ತದೆ. ಇಗರ್ಜಿಗೆ ಅಂದ ಕೂಡಲೇ ಬಾಕಿ, ಸಾಲ, ಲೋನ್ ಎಲ್ಲ ನೆನಪಾಗುತ್ತದೆ. ಪ್ರಸಂಗಿ ಗ್ರಂಥದ 5ನೇ ಅಧ್ಯಾಯದಲ್ಲಿ ದೇವರಿಗೆ ಹರಕೆ ಹೊತ್ತರೆ ತೀರಿಸಲು ತಡ ಮಾಡಬೇಡ ಅಂತ ಇದೆ. ಬೈಬಲ್‌ನಲ್ಲಿ ಮೊದಲ ಫಲ ದೇವರಿಗೆ. ಮೊಂತಿ ಫೆಸ್ತ್‌ಗೆ, ಅಂದರೆ ತೆನೆಹಬ್ಬಕ್ಕೆ, ನಾವು ಹೊಸ ತೆನೆಯನ್ನು ಮೊದಲು ದೇವರ ಮುಂದೆ ಇಟ್ಟು, ಆಶೀರ್ವಾದ ಆದ ಮೇಲೆ ಮನೆಗೆ ತಂದು ಊಟಕ್ಕೆ ಹಾಕಿಕೊಳ್ಳುತ್ತೇವೆ. ಮೊದಲು ನಮ್ಮದೆಲ್ಲ ಮುಗಿಸಿ ಮಿಕ್ಕಿದ್ದನ್ನು ಕೊಡುವುದು ನಮ್ಮ ಹಿರಿಯರ ಕ್ರಮ ಅಲ್ಲ.

ಗೋಡೆಬಣ್ಣ ಅವರು ಅಂಥವರು ಅಂತ ನಾನು ಹೇಳುತ್ತಿಲ್ಲ. ಕೊಡಬೇಕು ಅಂತ ತೆಗೆದಿಟ್ಟಿದ್ದೀರಿ, ಅದೇ ದೊಡ್ಡದು. ಆದರೆ ಈ ಚರ್ಚೆ ಓದಿ ಇನ್ನೊಬ್ಬರು "ಇಗರ್ಜಿಗೆ ಆಮೇಲೆ ಕೊಟ್ಟರೂ ಆಗುತ್ತದೆ" ಅಂತ ಹಿಡಿದುಕೊಳ್ಳಬಾರದು.

ಕುವೈತ್ ಕುಡ್ಲ

ನಾನು ಗಲ್ಫ್‌ನಲ್ಲಿ ಸಂಬಳಕ್ಕೆ ಕಾದವನು. ಕಂಪನಿ ಹೆಸರು ಬೇಡ. ಮಾಲಿಕರು ಕೆಟ್ಟವರಾಗಿರಲಿಲ್ಲ. ಅವರಿಗೂ ಯಾರೋ ಕೊಡಬೇಕಿತ್ತು. ಕ್ಯಾಂಪಿನಲ್ಲಿ ಮಲಯಾಳಿ, ಬಂಗಾಳಿ, ನಾವು ಕುಡ್ಲದವರು (ಮಂಗಳೂರಿನವರು), ಎಲ್ಲ ಒಟ್ಟಿಗೆ ಇದ್ದೆವು.

ಕಾಯುವವನ ಲೆಕ್ಕವೇ ಬೇರೆ, ಅದನ್ನು ಹೇಳಲಿಕ್ಕೆ ಬರೆಯುತ್ತಿದ್ದೇನೆ. ಕೊಡಬೇಕಾದವನಿಗೆ ಅದು ಎರಡು ವಾರದ ತಡ. ಕಾಯುವವನು ಊರಿಗೆ ಫೋನ್ ಮಾಡುವುದನ್ನೇ ಬಿಡುತ್ತಾನೆ. ಹೆಂಡತಿ "ಹಣ ಯಾವಾಗ" ಅಂತ ಕೇಳುವುದಿಲ್ಲ, ಆದರೂ ಕೇಳಿದ ಹಾಗೇ ಆಗುತ್ತದೆ. ಅಂಗಡಿಯವನ ಮುಖ ನೋಡಲು ಆಗುವುದಿಲ್ಲ. ಬಡ್ಡಿಗೆ ಸಾಲ ತೆಗೆದರೆ ಆ ಬಡ್ಡಿಯನ್ನು ಯಾರು ಕೊಡುವುದು? ಸಂಬಳ ಬಂದಾಗ ಮೊತ್ತ ಅಷ್ಟೇ ಇರುತ್ತದೆ, ಕೈಗೆ ಸಿಗುವುದು ಕಡಿಮೆ.

ನಿಮ್ಮ ಹುಡುಗರು ಬಯಲುಸೀಮೆಯವರು ಅಂದಿರಿ. ಮಳೆಗೆ ಮೊದಲು ಊರಿಗೆ ಹೊರಡುತ್ತಾರೆ ಅಲ್ವಾ? ಬಿತ್ತನೆ ಇರುತ್ತದೆ. ಬೀಜ, ಗೊಬ್ಬರ ಎಲ್ಲ ಆಗಲೇ ತೆಗೆಯಬೇಕು. ಹದ ತಪ್ಪಿದರೆ ಜುಲೈಯಲ್ಲಿ ಪೂರ್ತಿ ಕೊಟ್ಟರೂ ಪ್ರಯೋಜನ ಇಲ್ಲ. ಅವರು ಬಸ್ ಹತ್ತುವ ಮೊದಲು ಲೆಕ್ಕ ಚುಕ್ತಾ ಆಗಬೇಕು ಅಣ್ಣ.

ಗೋಡೆಬಣ್ಣ

ಹೌದು, ಮೇ ಕೊನೆಗೆ ಹೊರಡುತ್ತಾರೆ. ಬಿತ್ತನೆ ವಿಷಯ ಗೊತ್ತಿತ್ತು, ಆದರೆ ಇಷ್ಟು ಹತ್ತಿರದಿಂದ ಯೋಚಿಸಿರಲಿಲ್ಲ. ಇವತ್ತು ಮೇಸ್ತ್ರಿ ಹತ್ತಿರ ಮಾತಾಡಿದೆ. ಇಬ್ಬರು ಹುಡುಗರು ಊರಿನಲ್ಲಿ ಬೀಜಕ್ಕೆ ಬೇರೆಯವರಿಂದ ಹಣ ಎತ್ತಲಿಕ್ಕೆ ಹೊರಟಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ. ಉಳಿದ ವಿಷಯವನ್ನೂ ಹೇಳಿ.

ರಾತ್ರಿಪಾಳಿ

ಉಡುಪಿಯಲ್ಲಿ ನರ್ಸ್ ಆಗಿದ್ದೇನೆ. ಭಾನುವಾರದ ಬಗ್ಗೆ ನಾನು ಬರೆಯಬಹುದು.

ನಮಗೆ ಭಾನುವಾರ ರಜೆ ಅನ್ನುವುದು ಪಾಳಿ ಪಟ್ಟಿಯಲ್ಲಿ ಬಿದ್ದರೆ ಮಾತ್ರ. ಡ್ಯೂಟಿ ಇದ್ದರೆ ಶನಿವಾರ ಸಂಜೆಯ ಪೂಜೆಗೆ ಹೋಗುತ್ತೇನೆ. ಹಿಂದಿನ ದಿನ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ತೀರುತ್ತದೆ ಅಂತ ಸಭೆಯ ಕಾನೂನಿನಲ್ಲೇ ಇದೆ. ರೋಗಿಗಳ ಆರೈಕೆ ಮಾಡುವವರಿಗೆ ಅದೂ ಸಾಧ್ಯವಾಗದಿದ್ದರೆ ವಿನಾಯಿತಿ ಉಂಟು. ಆ ಬಗ್ಗೆ ನನಗೆ ಬೇಸರ ಇಲ್ಲ. ಯೇಸು ಸಬ್ಬತ್ ದಿನದಲ್ಲೇ ಎಷ್ಟೋ ಜನರನ್ನು ವಾಸಿ ಮಾಡಿದವರು.

ಆದರೆ ಗೋಡೆಗೆ ಬಣ್ಣ ಹಚ್ಚುವುದು ಆರೈಕೆ ಅಲ್ಲ. ಅದು ಸೋಮವಾರಕ್ಕೆ ಕಾಯುತ್ತದೆ. ನೀವು ಕೇಳಿದ ಪ್ರಶ್ನೆಗೆ ಧರ್ಮೋಪದೇಶಕಾಂಡದ 5ನೇ ಅಧ್ಯಾಯ, 14ನೇ ವಚನ ನೋಡಿ. ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿಯ ದಿನದ ಆಜ್ಞೆ ಅದು. ನೀನು ಮಾತ್ರ ಅಲ್ಲ, ನಿನ್ನ ಕೆಲಸದವರು, ನಿನ್ನ ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶದವನು, ಯಾರೂ ದುಡಿಯಬಾರದು ಅಂತ ಹೇಳುತ್ತದೆ. ಕೊನೆಗೆ, ನಿನ್ನ ಹಾಗೆಯೇ ಅವರಿಗೂ ವಿಶ್ರಾಂತಿ ಸಿಗಲಿ ಅನ್ನುತ್ತದೆ. ಧರ್ಮೋಪದೇಶ ಗ್ರಂಥದ 2187ನೇ ಕಂಡಿಕೆಯಲ್ಲೂ ಪ್ರಭುವಿನ ದಿನವನ್ನು ಆಚರಿಸಲು ಇನ್ನೊಬ್ಬರಿಗೆ ಅಡ್ಡಿಯಾಗುವಂಥ ಕೆಲಸವನ್ನು ಅನಗತ್ಯವಾಗಿ ಹೇರಬಾರದು ಅಂತ ಇದೆ.

ನಾನು ಪೂಜೆಗೆ ಹೋಗುವ ಹೊತ್ತಿನಲ್ಲಿ ನನಗಾಗಿ ಇನ್ನೊಬ್ಬರು ಬಿಸಿಲಿನಲ್ಲಿ ದುಡಿಯುತ್ತಿದ್ದರೆ, ವಿಶ್ರಾಂತಿ ನನಗೊಬ್ಬಳಿಗೇ ಸಿಕ್ಕಿತು. ಆಜ್ಞೆ ಕೇಳಿದ್ದು ಅಷ್ಟನ್ನೇ ಅಲ್ಲವಲ್ಲ.

ಗೋಡೆಬಣ್ಣ

ಸಿಸ್ಟರ್, ಒಪ್ಪಿದೆ. ಆದರೆ ಹುಡುಗರೇ ಭಾನುವಾರ ಕೆಲಸ ಕೊಡಿ ಅಂತಾರೆ. ಊರು ಬಿಟ್ಟು ಬಂದದ್ದು ದುಡಿಯಲಿಕ್ಕೆ. ರೂಮಿನಲ್ಲಿ ಸುಮ್ನೆ ಕೂತರೆ ಖರ್ಚು ಜಾಸ್ತಿ ಅನ್ನುತ್ತಾರೆ. ರಜೆ ಕೊಟ್ಟರೆ ಬೇರೆಯವರ ಸೈಟಿಗೆ ಹೋಗುತ್ತಾರೆ.

ರಾತ್ರಿಪಾಳಿ

ಅದೂ ನಿಜ. ವಿಶ್ರಾಂತಿಗೆ ಸಂಬಳ ಇಲ್ಲದಿದ್ದರೆ ಬಡವರಿಗೆ ಅದು ವಿಶ್ರಾಂತಿ ಅಲ್ಲ, ಒಂದು ದಿನದ ನಷ್ಟ. ನಿಮ್ಮಿಂದ ಆದರೆ ವಾರದ ಮಜೂರಿಯಲ್ಲೇ ರಜೆಯ ದಿನಕ್ಕೂ ಸ್ವಲ್ಪ ಸೇರಿಸಿ. ಅದು ಆಗದಿದ್ದರೆ ಮಳೆಗೆ ಮೊದಲಿನ ಈ ಕೆಲವು ವಾರಗಳಲ್ಲಿ ಬರುತ್ತೇನೆ ಅಂದವರನ್ನು ಮಾತ್ರ ಕರೆಯಿರಿ. ಆ ದಿನಕ್ಕೆ ಜಾಸ್ತಿ ಕೊಡಿ, ಮಧ್ಯಾಹ್ನಕ್ಕೆ ಬಿಡಿ. ಬರಲು ಮನಸ್ಸಿಲ್ಲದವನಿಗೆ ಮರುದಿನ ಮುಖ ಸಣ್ಣದು ಮಾಡಿ ತೋರಿಸಬೇಡಿ. ನಮ್ಮಲ್ಲಿ ಡ್ಯೂಟಿ ಬದಲು ಕೇಳಿದಾಗ ಆ ಮುಖ ನೋಡುವುದೇ ದೊಡ್ಡ ಶಿಕ್ಷೆ.

ಬಲ್ಮಠದ ಓದುಗ

ನಾವು ಸಿಎಸ್‌ಐ, ಅಂದರೆ ಪ್ರಾಟೆಸ್ಟಂಟ್ ಸಭೆಯವರು, ಮೂಲ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ನಮ್ಮ ಕಡೆಯ ಕಥೆಯನ್ನೂ ಸೇರಿಸುತ್ತೇನೆ, ಯಾಕೆಂದರೆ ಈ ಪ್ರಶ್ನೆ ಮಂಗಳೂರಿಗೆ ಹಳೆಯದು.

ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ. ಶಾಲೆ ಮಾಡಿದರು, 1841ರಲ್ಲಿ ಮುದ್ರಣಾಲಯ ಹಾಕಿದರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. ಅದೆಲ್ಲ ಎಲ್ಲರಿಗೂ ಗೊತ್ತು. ಆದರೆ ಸಭೆಗೆ ಸೇರಿದವರಿಗೆ ಮೊದಲು ಎದುರಾದ ಕಷ್ಟ ಹೊಟ್ಟೆಯದು. ಜಾತಿಯಿಂದ ಹೊರಗೆ ಬಿದ್ದ ಕೂಡಲೇ ಕುಲಕಸುಬು ಹೋಯಿತು, ಎಷ್ಟೋ ಜನರಿಗೆ ಗೇಣಿ ಭೂಮಿಯೂ ಹೋಯಿತು. ಪ್ರಾರ್ಥನೆ ಕಲಿಸಿ ಕಳಿಸಿದರೆ ಸಾಕಾಗಲಿಲ್ಲ. ಹಾಗಾಗಿ ನೇಯ್ಗೆ ಶುರುವಾಯಿತು. 1851ರಲ್ಲಿ ನೇಯ್ಗೆ ಬಲ್ಲ ಮಿಷನರಿ ಹಾಲರ್ ಬಂದ ಮೇಲೆ ಅದು ಗಟ್ಟಿಯಾಯಿತು. ಖಾಕಿ ಬಣ್ಣ ಬಂದದ್ದು ಆ ನೇಯ್ಗೆ ಶಾಲೆಯಿಂದಲೇ ಅಂತ ನಮ್ಮ ಕಡೆ ಹೇಳುತ್ತಾರೆ. 1865ರಲ್ಲಿ ಮಿಷನ್‌ನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ದಡದ ಆವೆಮಣ್ಣು ಅದಕ್ಕೆ ಒದಗಿತು.

ನನಗೆ ಈ ಕಥೆಯಲ್ಲಿ ಹಂಚಿಗಿಂತ ದೊಡ್ಡದು ಇನ್ನೊಂದು ಕಾಣುತ್ತದೆ. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಮಗ್ಗದ ಮನೆಯಲ್ಲಿ, ಒಂದೇ ಒಲೆಯ ಮುಂದೆ ಪಕ್ಕಪಕ್ಕ ನಿಂತು ದುಡಿದರು. ಉಪದೇಶದಲ್ಲಿ ಕೇಳಿದ ಸಮಾನತೆ ಅವರ ಕೈಗೆ ಸಿಕ್ಕಿದ್ದು ಅಲ್ಲಿ. ಮಿಷನ್‌ನವರು ಎಲ್ಲವನ್ನೂ ಸರಿ ಮಾಡಿದರು ಅಂತ ನಾನು ಹೇಳುವುದಿಲ್ಲ. ಮಾಲಿಕನೂ ಮಿಷನ್, ಬೋಧಕನೂ ಮಿಷನ್ ಆದರೆ ಕೆಲಸದವನು ತನ್ನ ಕಷ್ಟ ಯಾರ ಹತ್ತಿರ ಹೇಳಬೇಕು? ಇಗರ್ಜಿಗೆ ಹೋಗುವ ಪ್ರತಿ ಮಾಲಿಕನೂ ಈ ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮ ಹುಡುಗರು ಬೀಜದ ಸಾಲದ ವಿಷಯ ನಿಮಗೆ ಹೇಳಲಿಲ್ಲ ಅಂದಿರಿ. ಅವರು ಧೈರ್ಯವಾಗಿ ಬಾಯಿಬಿಡುವ ಹಾಗೆ ಆಗಬೇಕು. ಅದು ವಾರದ ಲೆಕ್ಕದಷ್ಟೇ ಮುಖ್ಯ.

ನಮ್ಮಲ್ಲಿ ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದ ಮೊದಲ ವಚನ ಓದುತ್ತೇವೆ. ಯಜಮಾನರಿಗೂ ಸ್ವರ್ಗದಲ್ಲಿ ಒಬ್ಬ ಯಜಮಾನ ಇದ್ದಾನೆ ಅನ್ನುತ್ತದೆ. ಗುತ್ತಿಗೆದಾರರಿಗೆ ಅದೊಂದು ವಚನ ಸಾಕು.

ಲೆಕ್ಕದವಳು

ನಾನು ಮಂಗಳೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬಿಲ್ ವಿಷಯ ಯಾರೂ ಮುಟ್ಟಲಿಲ್ಲ.

ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅಷ್ಟು ಹುಡುಗರಿದ್ದರೆ ನೀವು ದಾಟಿರಬಹುದು. "ಎಲ್ಲರೂ ಮಾಡುತ್ತಾರೆ" ಅನ್ನುವುದನ್ನು ನಾನು ದಿನಾ ಕೇಳುತ್ತೇನೆ. ಇಗರ್ಜಿಯಲ್ಲಿ ನನ್ನ ಪಕ್ಕ ಕೂರುವವರಿಂದಲೂ ಕೇಳಿದ್ದೇನೆ. ರೋಮದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯದಲ್ಲಿ ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ ಅಂತ ಪೌಲ ಬರೆದದ್ದು ರೋಮ್ ಸಾಮ್ರಾಜ್ಯದ ಕಾಲದಲ್ಲಿ. ಆ ಸರ್ಕಾರ ಕ್ರೈಸ್ತರಿಗೆ ಏನೂ ಒಳ್ಳೆಯದು ಮಾಡುತ್ತಿರಲಿಲ್ಲ. ಹಾಗಾಗಿ "ಸರ್ಕಾರ ನಮಗೆ ಏನು ಕೊಟ್ಟಿದೆ" ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ.

ಬಿಲ್ ಇಲ್ಲದ ಕೆಲಸದಲ್ಲಿ ನಿಮಗೇ ತೊಂದರೆ ಜಾಸ್ತಿ. ಆ ಬಿಲ್ಡರ್ ಈಗ ಕೊಡುವುದಿಲ್ಲ ಅಂದರೆ ನಿಮ್ಮ ಕೈಯಲ್ಲಿ ಏನಿದೆ? ಕಾಗದ ಇದ್ದರೆ ಕೇಳಬಹುದು. ಬಿಲ್ ಬೇಡ ಅಂದ ಆ ಮನೆಯವರಿಗೂ ಸಿಟ್ಟು ಮಾಡದೆ ಹೇಳಿ, "ನನ್ನ ಕ್ರಮ ಬಿಲ್ ಕೊಡುವುದು" ಅಂತ. ಕಾರಣ ಕೇಳಿದರೆ ಮಾತ್ರ ನಂಬಿಕೆಯ ಮಾತು ತೆಗೆಯಿರಿ. ಬೋಧನೆ ಮಾಡಬೇಕಂತಿಲ್ಲ.

ಮುಂದಿನ ಕೆಲಸಗಳಿಗೆ ಹಣವನ್ನು ಹಂತ ಹಂತವಾಗಿ ಬರೆಸಿಕೊಳ್ಳಿ. ಮುಂಗಡ ಇಷ್ಟು, ಪುಟ್ಟಿ ಪ್ರೈಮರ್ ಮುಗಿದಾಗ ಇಷ್ಟು, ಕೊನೆಯ ಕೋಟ್‌ಗೆ ಮೊದಲು ಇಷ್ಟು. ಕೊನೆಗೆ ಉಳಿಯುವ ಕಂತು ಚಿಕ್ಕದಾಗಿರಲಿ. ಅದು ತಡವಾದರೂ ಹುಡುಗರ ಮಜೂರಿಗೆ ತಾಗಬಾರದು. ಮಜೂರಿಗೆ ಬೇರೆಯೇ ಒಂದು ಬ್ಯಾಂಕ್ ಖಾತೆ ಮಾಡಿ. ಮುಂಗಡ ಬಂದ ದಿನವೇ ಎರಡು ವಾರದ ಮಜೂರಿ ಅದಕ್ಕೆ ಹಾಕಿಬಿಡಿ. ಮಜೂರಿ ತಡವಾಗುವುದರಲ್ಲಿ ಬಹಳಷ್ಟು ಸಲ ಕೆಟ್ಟ ಮನಸ್ಸು ಇರುವುದಿಲ್ಲ, ಎಲ್ಲ ಹಣ ಒಂದೇ ಖಾತೆಯಲ್ಲಿ ಕಲೆತು ಹೋಗಿರುತ್ತದೆ.

ಕಿನ್ನಿಗೋಳಿಯವ

ನಾನು ಕ್ರೈಸ್ತನಲ್ಲ. ಓದುತ್ತಾ ಬಂದೆ, ಒಂದು ಮಾತು ಬರೆಯಬೇಕು ಅನ್ನಿಸಿತು. ಹೊರಗಿನವನು ಮಾತಾಡಬಹುದಾ?

ಕಲ್ಯಾಣಪುರ ಟೀಚರ್

ಖಂಡಿತ ಬರೆಯಿರಿ. ಈ ಚರ್ಚೆಯಲ್ಲಿ ನಿಮ್ಮ ಮಾತು ಬಾರದೇ ಇದ್ದರೆ ಅರ್ಧ ಬಾಕಿ ಉಳಿದ ಹಾಗೆ.

ಕಿನ್ನಿಗೋಳಿಯವ

ನನ್ನ ಅಮ್ಮ ಒಬ್ಬರು ಕ್ರೈಸ್ತ ಬಾಯಮ್ಮನ ಮನೆಯಲ್ಲಿ ಗದ್ದೆ ಕೆಲಸಕ್ಕೂ, ಆಮೇಲೆ ಮನೆಗೆಲಸಕ್ಕೂ ಹೋಗುತ್ತಿದ್ದರು. ಆ ಬಾಯಮ್ಮ ದೊಡ್ಡ ಶ್ರೀಮಂತರಲ್ಲ. ಕುರಲ್ ಪರ್ಬ, ಅಂದರೆ ಮೊಂತಿ ಫೆಸ್ತ್ ದಿನ ನಮ್ಮ ಮನೆಗೂ ಪಾಯಸ ಬರುತ್ತಿತ್ತು, ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಬರುತ್ತಿತ್ತು. ಅದು ಊರಲ್ಲಿ ಎಲ್ಲರೂ ಮಾಡುವುದೇ. ಅಮ್ಮ ಇವತ್ತಿಗೂ ಹೇಳುವುದು ಬೇರೆ. ಅಮ್ಮನಿಗೆ ಟೈಫಾಯಿಡ್ ಆದಾಗ ಕೆಲಸಕ್ಕೆ ಹೋಗಲಿಲ್ಲ. ಬಾಯಮ್ಮ ಸಂಬಳ ನಿಲ್ಲಿಸಲಿಲ್ಲ. ಅಮ್ಮ ಬೇಡ ಅಂದಾಗ, "ನಿನಗೆ ಜ್ವರ ಬಂದಿದೆ, ನಿನ್ನ ಮಕ್ಕಳ ಹೊಟ್ಟೆಗೆ ಬಂದಿಲ್ಲವಲ್ಲ" ಅಂದರಂತೆ.

ನಾವು ವರ್ಷಕ್ಕೊಮ್ಮೆ ಅತ್ತೂರು ಬಸಿಲಿಕದ ಸಾಂತ್‌ಮಾರಿ ಹಬ್ಬಕ್ಕೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತೇವೆ. ಅಲ್ಲಿ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಆದರೆ ಅಮ್ಮ ಕ್ರೈಸ್ತರ ದೇವರ ಬಗ್ಗೆ ಮಾತಾಡುವಾಗ ಬಸಿಲಿಕದ ಹೆಸರು ತೆಗೆಯುವುದಿಲ್ಲ, ಬಾಯಮ್ಮನ ಹೆಸರು ತೆಗೆಯುತ್ತಾರೆ. ನಿಮ್ಮ ಹುಡುಗರು ಬಾಗಲಕೋಟೆಗೆ ಹೋಗಿ ಏನು ಹೇಳುತ್ತಾರೆ ಅನ್ನುವುದು ನಿಮ್ಮ ಕೈಯಲ್ಲೇ ಉಂಟು ಮಾರಾಯ್ರೆ.

ಬೆಂದೂರು ಮದುಮಗಳು

ಸ್ವಲ್ಪ ಪಕ್ಕದ ವಿಷಯ, ಆದರೆ ಸಂಬಂಧ ಉಂಟು. ನವೆಂಬರ್‌ನಲ್ಲಿ ನನ್ನ ಮದುವೆ. ಮನೆಯಲ್ಲಿ ಸಾವಿರ ಜನ ಅಂತಿದ್ದಾರೆ. ಅದಕ್ಕೆ ಅಪ್ಪ ಸಾಲ ಮಾಡಬೇಕಾಗುತ್ತದೆ. ನನಗೆ ಮನಸ್ಸಿಲ್ಲ. ಆದರೆ ಚಿಕ್ಕದಾಗಿ ಮಾಡಿದರೆ ಅಪ್ಪನಿಗೆ ಊರಲ್ಲಿ ತಲೆ ಎತ್ತಲು ಆಗದು ಅಂತ ಅಜ್ಜಿ ಅಳುತ್ತಾರೆ.

ಕಲ್ಯಾಣಪುರ ಟೀಚರ್

ಲೂಕನ ಸುವಾರ್ತೆ 14ನೇ ಅಧ್ಯಾಯ, 12ರಿಂದ 14. ಔತಣ ಮಾಡುವಾಗ ತಿರುಗಿ ಕರೆಯುವವರನ್ನು ಕರೆಯಬೇಡ, ತಿರುಗಿ ಕರೆಯಲಾಗದವರನ್ನು ಕರೆ ಅಂತ ಯೇಸು ಹೇಳುತ್ತಾರೆ. ರೋಸ್ ಬಿಡಬೇಡಮ್ಮ. ತೆಂಗಿನ ಹಾಲು, ವೊವಿಯೊ ಹಾಡು, ಮನೆ ಜನರ ಆಶೀರ್ವಾದ, ಅದರಲ್ಲಿ ಖರ್ಚು ಏನಿದೆ? ಖರ್ಚೆಲ್ಲ ಮಾರನೆಯ ದಿನದ ಹಾಲ್‌ನಲ್ಲಿ. ಅಜ್ಜಿಯನ್ನು ಕೂರಿಸಿ ಅವರ ಮದುವೆ ಹೇಗಾಯಿತು ಅಂತ ಕೇಳು. ಆ ಕಾಲದಲ್ಲಿ ಅಂಗಳದಲ್ಲಿ ಚಪ್ಪರ ಹಾಕಿ, ವಾಳೆಯವರೇ ಅಡುಗೆಗೆ ನಿಂತು ಮಾಡಿದ್ದನ್ನು ಅವರೇ ಹೇಳುತ್ತಾರೆ. ಮತ್ತೆ ನೀನು ಹೆಚ್ಚು ವಾದ ಮಾಡಬೇಕಾಗಿಲ್ಲ.

ಬಲ್ಮಠದ ಓದುಗ

ಊಟ ಬಡಿಸುವವರ ಬಗ್ಗೆಯೂ ಕೇಳಿಕೊಳ್ಳಿ. ದೊಡ್ಡ ಮದುವೆಗಳಲ್ಲಿ ಬಡಿಸುವ ಹುಡುಗರು ಮಧ್ಯಾಹ್ನ ನಾಲ್ಕರ ಮೇಲೆ ತಿನ್ನುವುದನ್ನು ನೋಡಿದ್ದೇನೆ. ಕ್ಯಾಟರಿಂಗ್‌ನವರ ಹತ್ತಿರ "ಬಡಿಸುವವರ ಊಟ ಎಷ್ಟು ಗಂಟೆಗೆ" ಅಂತ ಕೇಳುವ ಮದುಮಗಳು ಇದ್ದರೆ ಆ ಮದುವೆಗೆ ಬೇರೆ ಶೋಭೆ ಬೇಡ.

ವಾಳೆ ಗುರಿಕಾರ

ಈ ಎರಡು ದಿನ ಎಲ್ಲರ ಬರಹ ಓದಿದೆ. ಗೋಡೆಬಣ್ಣ ಅವರೇ, ನಿಮ್ಮ ವಾಳೆಯ ಗುರಿಕಾರರನ್ನೋ ಫಾದರ್ ಅವರನ್ನೋ ಕಂಡು ಕಂತಿಗೆ ಆಗಸ್ಟ್ ತನಕ ಸಮಯ ಕೇಳಿ. ಕಾರಣ ಹೇಳಿಯೇ ಕೇಳಿ. "ಹುಡುಗರ ಮಜೂರಿ ಬಾಕಿ ಉಂಟು" ಅಂದರೆ ಯಾವ ಫಾದರ್ ಕೂಡ ಬೇಡ ಅನ್ನುವುದಿಲ್ಲ. ನನ್ನ ಹತ್ತಿರ ಯಾರಾದರೂ ಹಾಗೆ ಬಂದು ಹೇಳಿದರೆ ಅವರ ಮೇಲೆ ಗೌರವ ಹೆಚ್ಚಾಗುತ್ತದೆ. ನಮಗೆ ಬೇಸರ ಆಗುವುದು ಏನೂ ಹೇಳದೆ ಫೋನ್ ಎತ್ತದಿದ್ದಾಗ.

ಮೊದಲ ಫಲ ದೇವರಿಗೆ ಅಂತ ನಾನು ಹೇಳಿದ ಮಾತಿನಲ್ಲಿ ಬದಲಾವಣೆ ಇಲ್ಲ. ಆದರೆ ಫಲ ನಮ್ಮದಾಗಿರಬೇಕು. ಮಜೂರಿ ಕೊಟ್ಟ ಮೇಲೆ ಉಳಿದದ್ದೇ ನಿಮ್ಮ ಬೆಳೆ. ಅದರ ಮೊದಲ ಪಾಲು ಕೊಡಿ. ಅಮ್ಮನಿಗೂ ಹೀಗೆ ಹೇಳಿದರೆ ಸಮಾಧಾನ ಆದೀತು.

ಗೋಡೆಬಣ್ಣ

ಗುರಿಕಾರ್ರೆ, ನೀವು ಹೇಳಿದ ಹಾಗೇ ಅಮ್ಮನಿಗೆ ಹೇಳಿದೆ. ಟೀಚರ್ ಹೇಳಿದ ಮಾರ್ಕನ ಅಧ್ಯಾಯವನ್ನೂ ತೇರ್ಸ್ ಆದ ಮೇಲೆ ಓದಿದೆವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಯೇ ಕೊಟ್ಟುಬಿಡು" ಅಂದರು. ಶನಿವಾರ ಎಲ್ಲರ ಲೆಕ್ಕ ಚುಕ್ತಾ ಮಾಡಿದೆ. ಫಾದರ್ ಹತ್ತಿರ ಸಮಯ ಕೇಳಿ ಆಯಿತು. ಭಾನುವಾರ ಮೂವರು ಬರುತ್ತೇವೆ ಅಂದರು, ಅರ್ಧ ದಿನಕ್ಕೆ ಪೂರ್ತಿ ಮಜೂರಿ ಅಂತ ಮಾತಾಗಿದೆ. ಬಿಲ್ ಬೇಡ ಅಂದ ಮನೆಯವರು ಇನ್ನೂ ಯೋಚಿಸುತ್ತಿದ್ದಾರೆ. ಆ ಕೆಲಸ ಹೋದರೆ ಹೋಗಲಿ.

ಈಗ ಇನ್ನೊಂದು ಬಂದಿದೆ. ಹುಡುಗರಿಗೆ ಕಟ್ಟಡ ಕಾರ್ಮಿಕರ ಸರ್ಕಾರಿ ಸೌಲಭ್ಯದ ಕಾರ್ಮಿಕ ಕಾರ್ಡ್ ಮಾಡಿಸುವ ಅಂತ ಹೊರಟೆ. ವಿಷಯ ಗೊತ್ತಾಗಿ, ನಮ್ಮ ಇಗರ್ಜಿಗೇ ಬರುವ ಒಬ್ಬರು ತಮ್ಮ ಮಗನಿಗೂ ನನ್ನಲ್ಲಿ ಕೆಲಸ ಮಾಡಿದ ಹಾಗೆ ಸಹಿ ಹಾಕಿಕೊಡಿ ಅಂತಿದ್ದಾರೆ. ಆ ಹುಡುಗ ಬ್ರಷ್ ಹಿಡಿದವನಲ್ಲ. ಕಾರ್ಡ್ ಇದ್ದರೆ ಏನಾದರೂ ಸಹಾಯ ಸಿಕ್ಕಿ ಅವನ ತಂಗಿಯ ಕಾಲೇಜಿಗೆ ಆದೀತು ಅಂತ ಅವರ ಆಸೆ. ಮನೆಯ ಪರಿಸ್ಥಿತಿ ನಿಜವಾಗಿಯೂ ಕಷ್ಟದ್ದೇ.

ಲೆಕ್ಕದವಳು

ಸಹಿ ಹಾಕಬೇಡಿ ಅಣ್ಣ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ವಯಸ್ಸು 18ರಿಂದ 60ರ ಒಳಗಿರಬೇಕು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನೀವು ಸಹಿ ಹಾಕುವುದು ಆ 90 ದಿನಕ್ಕೆ. ಮಂಡಳಿಯ ಹಣ ಕಟ್ಟಡ ಕಟ್ಟುವವರಿಂದ ಬರುವ ಸೆಸ್. ಕಟ್ಟಡದ ವೆಚ್ಚದ ಶೇಕಡಾ 1. ಅದು ಗೋಡೆ ಮೇಲಿಂದ ಬಿದ್ದು ಕಾಲು ಮುರಿದವನಿಗೆ, ಅವನ ಮಕ್ಕಳಿಗೆ ಅಂತ ಇಟ್ಟ ಹಣ. ಸುಳ್ಳು ಕಾರ್ಡ್‌ಗಳು ಹೆಚ್ಚಾದಷ್ಟೂ ತಪಾಸಣೆ ಹೆಚ್ಚುತ್ತದೆ. ಆಗ ನಿಮ್ಮ ಬಾಗಲಕೋಟೆ ಹುಡುಗರ ನಿಜವಾದ ಅರ್ಜಿಯೂ ಮೂಲೆಗೆ ಬೀಳುತ್ತದೆ.

ಕಲ್ಯಾಣಪುರ ಟೀಚರ್

ಇಲ್ಲ ಅಂದು ಅಷ್ಟಕ್ಕೆ ಬಿಡಬೇಡಿ. ಆ ಮಗಳ ಕಾಲೇಜು ಫೀಸು ನಿಜವಾದ ಕಷ್ಟ. ಇಗರ್ಜಿಯ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರ ಹತ್ತಿರ ಅವರನ್ನು ನೀವೇ ಕರೆದುಕೊಂಡು ಹೋಗಿ. ಅವರು ಮನೆಗೆ ಬಂದು ನೋಡಿ, ಯಾರಿಗೂ ಗೊತ್ತಾಗದ ಹಾಗೆ ಸಹಾಯ ಮಾಡುತ್ತಾರೆ. ಸರ್ಕಾರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಇರುವ ಯೋಜನೆಗಳ ಬಗ್ಗೆ ಕಾಲೇಜಿನ ಆಫೀಸಿನಲ್ಲೇ ಕೇಳಲಿ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟರೆ ಒಳ್ಳೆಯದು.

ರಾತ್ರಿಪಾಳಿ

ಆ ಹುಡುಗನಿಗೆ ಕೆಲಸ ಇಲ್ಲದಿದ್ದರೆ ನಿಮ್ಮಲ್ಲೇ ಬರಲು ಹೇಳಿ. ನಿಜವಾಗಿ 90 ದಿನ ದುಡಿಯಲಿ. ಆಮೇಲೆ ಸಹಿ ಹಾಕಿ.

ಗೋಡೆಬಣ್ಣ

ಅದು ನನಗೆ ಹೊಳೆದಿರಲಿಲ್ಲ ಸಿಸ್ಟರ್. ಮಳೆಗಾಲದಲ್ಲಿ ಒಳಗಿನ ಕೆಲಸ ಇರುತ್ತದೆ, ಊರಿಗೆ ಹೋದವರ ಜಾಗ ಖಾಲಿ ಉಂಟು. ಬುಧವಾರ ಅವರ ಮನೆಗೆ ಹೋಗಿ ಕೇಳುತ್ತೇನೆ. ಅವನಿಗೆ ಎತ್ತರ ಆಗುತ್ತದಾ ಅಂತ ಮೊದಲು ನೋಡಬೇಕು.